ನೋಟ್‌ಬುಕ್ಕಿನಲ್ಲಿ ಉಳಿದ ಮುಹೂರ್ತ

ಕಾಗವಾಡದ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜು ಕಂಪ್ಯೂಟರ್ ಆಪರೇಟರರದು. ಕಬ್ಬಿನ ದಾಖಲೆಯೆಲ್ಲ ಕ್ಲೌಡಿನ ಒಂದು ವರ್ಚುವಲ್ ಮಷೀನಿನಲ್ಲಿ, ಅಂದರೆ ಇಂಟರ್ನೆಟ್ಟಿನ ಮೂಲಕ ಬಾಡಿಗೆಗೆ ಪಡೆದ ಕಂಪ್ಯೂಟರಿನಲ್ಲಿತ್ತು. ಯಾವ ಹೊತ್ತಿಗೆ ಅದರ ಮೇಲೆ ಎಷ್ಟು ಕೆಲಸದ ಹೊರೆ ಬಿತ್ತೆಂಬ ಅಂಕಿಗಳನ್ನು ಕ್ಲೌಡ್ ಕೆಲವೇ ವಾರಗಳಲ್ಲಿ ಅಳಿಸಿಬಿಡುತ್ತಿತ್ತು. ಇವರು ದಿನಾ ಅವನ್ನು ನೋಟ್‌ಬುಕ್ಕಿಗೆ ಇಳಿಸಿ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಅದು ಮರೀತೈತ್ರಿ, ನಾವ ಬರದಿಡೂಣು" ಎನ್ನುತ್ತಿದ್ದರು.

ಒಮ್ಮೆ ಕಬ್ಬು ಅರೆಯುವ ಹಂಗಾಮಿನ ಮೊದಲ ದಿನ, ಪೂಜೆಯ ಹೊತ್ತಿಗೇ ಮಷೀನು ನಿಂತುಹೋಯಿತು. ಇನ್ನೂ ದೊಡ್ಡ ಮಷೀನು ತೆಗೆದುಕೊಳ್ಳೋಣವೆಂದು ಮ್ಯಾನೇಜರು ಹಟ ಹಿಡಿದರು. ಆಪರೇಟರು ಹಿಂದಿನ ವರ್ಷದ ಪುಟ ತೆರೆದರು. ಅಂದೂ ಪೂಜೆಯ ಮುಹೂರ್ತಕ್ಕೇ ಹೊರೆ ಏರಿ, ಅರ್ಧ ತಾಸಿನಲ್ಲಿ ಇಳಿದಿತ್ತು.

"ಮಷೀನ್ ಸಣ್ಣದಲ್ರಿ ಸಾಹೇಬ್ರ. ಊರೂರಿನ ನಮ್ಮ ಆಫೀಸಿನವರು ಒಂದ ಮುಹೂರ್ತಕ್ಕ ಕಾಯಿ ಒಡದು ಎಲ್ಲಾರೂ ಒಮ್ಮೆಲೇ ಕಟಾವು ಚೀಟಿ ತಗೀತಾರ."

ಮರುವರ್ಷ ಪೂಜೆಗೆ ಮುಹೂರ್ತ ನೋಡುವ ಭಟ್ಟರು ಐಗಳಿಯ ಆಫೀಸಿಗೊಂದು, ಏಕಸಂಬಿಯದಕ್ಕೊಂದು ಬೇರೆ ಬೇರೆ ಮುಹೂರ್ತ ಕೊಟ್ಟರು. ಕೈಯಲ್ಲಿ ಪಂಚಾಂಗವೇನೋ ಇತ್ತು. ಕಣ್ಣು ಮಾತ್ರ ಆಪರೇಟರರ ನೋಟ್‌ಬುಕ್ಕಿನ ಮೇಲಿತ್ತು.