ಓಬಳೇಶಪ್ಪನವರ ಶನಿವಾರದ ತರಗತಿ

ಓಬಳೇಶಪ್ಪ ವಕೀಲರಷ್ಟು ಚೆನ್ನಾಗಿ ಸುಳ್ಳು ಹೇಳುವವರನ್ನು ನಾನು ಕಂಡಿಲ್ಲ. ಅದೂ ಶನಿವಾರ ಮಾತ್ರ, ಕೋರ್ಟು ಮುಗಿದ ಮೇಲೆ. ಚಳ್ಳಕೆರೆಯ ವಕೀಲರ ಕೊಠಡಿಯಲ್ಲಿ ಕರಿ ಕೋಟು ಬಿಚ್ಚಿ, ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತರೆಂದರೆ ಅವರು ಸಾಕ್ಷಿ. ಕಿರಿಯ ವಕೀಲರಾದ ನಾವು ಒಬ್ಬೊಬ್ಬರಾಗಿ ಅವರನ್ನು ಪಾಟೀಸವಾಲು ಮಾಡಬೇಕು. ಮೊಳಕಾಲ್ಮೂರಿನ ಕಡೆಯ ಸಾಕ್ಷಿಯಾದರೆ ಅರ್ಧ ತೆಲುಗಿನಲ್ಲೇ ಉತ್ತರ. ಪ್ರಶ್ನೆ ಕಷ್ಟವಾದರೆ ಥಟ್ಟನೆ ಕಿವಿ ಮಂದ.

ತೊಂಬತ್ತರ ದಶಕದಲ್ಲಿ ನಾನು ಕೊಂಡ್ಲಹಳ್ಳಿಯಿಂದ ಬಂದು ವಕೀಲಿ ಶುರುಮಾಡಿದಾಗ ಕಾನೂನಿನ ಕಲಮುಗಳೆಲ್ಲ ಬಾಯಿಪಾಠವಿದ್ದವು. ಸಾಕ್ಷಿಯನ್ನು ಏನು ಕೇಳಬೇಕೆಂಬುದನ್ನು ಮಾತ್ರ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಬೇಕಾದ ಉತ್ತರ ಬಂದ ಮೇಲೂ ಇನ್ನೊಂದು ಪ್ರಶ್ನೆ ಕೇಳಿ ಕೆಡಿಸುತ್ತೇನೆಂದು ಓಬಳೇಶಪ್ಪನವರ ದೂರು. “ಸಿಕ್ತಲ್ಲವ್ವ, ಕೂತ್ಕ. ಇನ್ನೊಂದು ಕೇಳಿದ್ರೆ ಅವ್ನಿಗೆ ದಾರಿ ನೀನೇ ತೋರಿಸ್ದಂಗೆ.”

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಗಂಗಮ್ಮನ ಜೀವನಾಂಶದ ಮೊಕದ್ದಮೆ ನನ್ನ ಪಾಲಿಗೆ ಬಂತು. ಗಂಡ ಅವಳನ್ನೂ ಕೂಸನ್ನೂ ಹೊರಗೆ ಹಾಕಿದ್ದ. ಅವಳೇ ಬಿಟ್ಟು ಹೋದಳೆಂದು ಅವನ ವಾದ. ಹೋದದ್ದನ್ನು ಕಣ್ಣಾರೆ ಕಂಡೆನೆಂದು ನೆರೆಮನೆಯವನು ಸಾಕ್ಷಿ ನುಡಿದ. ಅದೇ ದಿನ ಆ ಮನುಷ್ಯನ ಮಗಳಿಗೆ ಬಳ್ಳಾರಿಯಲ್ಲಿ ಹೆರಿಗೆಯಾಗಿತ್ತೆಂದು ಗಂಗಮ್ಮ ನನಗೆ ತಿಳಿಸಿದ್ದಳು. ನಾನು ಮೊಮ್ಮಗನ ಮಾತೆತ್ತಿದೆ. ಅವನ ಮುಖ ಅರಳಿತು.

“ಅವತ್ತು ಬೆಳಗಿನಿಂದ ಬಳ್ಳಾರಿ ಆಸ್ಪತ್ರೇಲೇ ಇದ್ನಮ್ಮಾ, ಮನಿ ಕಡೆ ಬರ್ಲೇ ಇಲ್ಲ.”

ಹಾಗಾದರೆ ಇವಳನ್ನು ಕಂಡದ್ದು ಹೇಗೆಂಬ ಪ್ರಶ್ನೆ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡು ಕೂತೆ. ಗಂಗಮ್ಮನಿಗೂ ಕೂಸಿಗೂ ಜೀವನಾಂಶದ ಆದೇಶವಾಯಿತು. ಓಡಿಬಂದು ಸುದ್ದಿ ಮುಟ್ಟಿಸಿದರೆ ಓಬಳೇಶಪ್ಪನವರು ಕೇಳಿದ್ದು ಒಂದೇ: ತಕ್ಷಣ ಕೂತೆಯಾ, ಇಲ್ಲವಾ?

ತೀರ್ಪುಗಳು ಸಿ.ಡಿ.ಯಲ್ಲಿ ಬರತೊಡಗಿದಾಗ ಅವರಿಗೆ ಅರವತ್ತು ದಾಟಿತ್ತು. ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಕೇಂದ್ರಕ್ಕೆ ಸೇರಿ, ಕಾಲೇಜು ಹುಡುಗಿಯರ ಪಕ್ಕ ಕೂತು ಕಲಿತರು. ಈ ವಯಸ್ಸಿನಲ್ಲಿ ಟೈಪಿಸ್ಟ್ ಆಗುತ್ತೀರಾ ಎಂದು ಸಮವಯಸ್ಕರು ಕಿಚಾಯಿಸಿದರೆ, ಕಕ್ಷಿದಾರ ನನ್ನ ವಯಸ್ಸು ನೋಡಿ ಬರೋದಿಲ್ಲ ಎನ್ನುವರು. ಮನೆಯ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟು ತಂದು, ತೀರ್ಪು ಹುಡುಕುವುದನ್ನೂ ದಾವೆ ಟೈಪು ಮಾಡುವುದನ್ನೂ ನಮಗೆ ಕಲಿಸಿದರು. ಎದುರು ವಕೀಲರು ಎತ್ತಿದ ಹಳೆಯ ತೀರ್ಪೊಂದು ಮೇಲಿನ ನ್ಯಾಯಾಲಯದಲ್ಲಿ ರದ್ದಾಗಿದ್ದನ್ನು ಮೊದಲ ಸಲ ನಾನೇ ಹುಡುಕಿ ತೆಗೆದಾಗ, ನನಗಿಂತ ಹೆಚ್ಚು ಹಿಗ್ಗಿದವರು ಅವರು.

ಕೊನೆಗೆ ಸಕ್ಕರೆ ಕಾಯಿಲೆ ಅವರ ಕಣ್ಣು ಕಸಿಯಿತು. ಅಷ್ಟರಲ್ಲಿ ಮೊಳಕಾಲ್ಮೂರಿನ ಕೋರ್ಟಿನಲ್ಲೇ ವಕೀಲಿ ಮಾಡುತ್ತಿದ್ದ ನಾನು ನೋಡಲು ಹೋದಾಗ ಆರೋಗ್ಯದ ಮಾತಿಗೆ ಅವಕಾಶವನ್ನೇ ಕೊಡದೆ, ಹೊಸದೇನು ಕಲಿತೆ ಎಂದರು. ಮೊಕದ್ದಮೆಯ ಮುಂದಿನ ದಿನಾಂಕವನ್ನು ಇಂಟರ್‌ನೆಟ್ಟಿನಲ್ಲಿ ನೋಡುವ ಬಗೆಯನ್ನು ವಿವರಿಸಿದೆ. ಅರ್ಥವಾಗುವವರೆಗೂ ಮತ್ತೆ ಮತ್ತೆ ಹೇಳಿಸಿದರು.

“ಚೆನ್ನಾಗಿ ಹೇಳ್ತೀಯವ್ವ. ಮೊಳಕಾಲ್ಮೂರಾಗೂ ಒಂದು ತರಗತಿ ಶುರು ಮಾಡು. ನಾನೂ ಬಂದು ಕೂತ್ಕಂತೀನಿ.”

ಮಾಡಿದೆ. ಅದು ಶುರುವಾಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.