ಅಟ್ಟದ ಕಾಯಿ, ಸುಳ್ಳು ಕೆಮ್ಮು

ಕಳೆದ ಭಾನುವಾರ ನಮ್ಮ ಮನೆಯ ಜಗಲಿಯ ಮೇಲೆ ಕೂತು ನಾನು ಸುಳ್ಳು ಕೆಮ್ಮು ಕೆಮ್ಮಿದೆ.

ಸುಮ್ಮನೆ ಗಂಟಲು ಸರಿ ಮಾಡಿಕೊಂಡದ್ದಲ್ಲ. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಎಪ್ಪತ್ತು ದಾಟಿದವನು ಕೆಮ್ಮಿದರೆ ಯಾರೂ ಅನುಮಾನ ಪಡುವುದಿಲ್ಲ. (ಮುಪ್ಪಿನಲ್ಲಿ ಇರುವ ಅನುಕೂಲ ಇದೊಂದೇ.)

ಎದುರಿಗೆ ಕೂತಿದ್ದವರು ಅಂಡಮಾನಿನಿಂದ ಬಂದ ಬೀಗಿತ್ತಿ. ಅಜ್ಜಂಪುರದಲ್ಲಿರುವ ನನ್ನ ತಂಗಿಯ ಮಗಳು ಸುಮಿತ್ರಾಳ ಅತ್ತೆ. ಕನ್ನಡ ಒಂದಕ್ಷರ ಬಾರದು. ಅವರ ಮಗ ಬಿಪುಲ್ ಶಿವಮೊಗ್ಗದಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕನ್ನಡ ಕಲಿತವನು. ಸುಮಿತ್ರಾ ಅವನಿಗೆ ಸಿಕ್ಕಿದ್ದೂ ಅದೇ ಕಾಲೇಜಿನಲ್ಲಿ. ಈಗ ಇಬ್ಬರೂ ಅಂಡಮಾನಿನ ಒಂದು ಪುಟ್ಟ ದ್ವೀಪದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ.

ಬೀಗಿತ್ತಿ ನನ್ನ ಮುಖ ನೋಡಿ ಬಂಗಾಳಿಯಲ್ಲಿ ಏನೋ ಕೇಳಿದರು. ಬಿಪುಲ್ ಕನ್ನಡಕ್ಕೆ ತಂದ: “ಅಮ್ಮ ಕೇಳ್ತಾ ಇದೆ ಸಾರ್, ಈಗ ನಿಮ್ಮ ಆರೋಗ್ಯ ಹೇಗಿದೆ? ಹೋದ ವರ್ಷ ಫೋನ್ ಎತ್ತಕ್ಕೂ ಆಗದಷ್ಟು ಸೀರಿಯಸ್ ಇತ್ತಂತಲ್ಲ?”

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಬಾಗಿಲಲ್ಲಿ ನಿಂತ ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. ನಾನು ನಿಜ ಹೇಳಬೇಕಿತ್ತು. ಕೆಮ್ಮಿದೆ.

ಯಾಕೆ ಅನ್ನುವುದಕ್ಕೆ ಹೋದ ವರ್ಷದ ಶಿವರಾತ್ರಿಗೆ ಹೋಗಬೇಕು. ಸುಮಿತ್ರಾಳ ಮದುವೆಯಾದ ಹೊಸದರಲ್ಲಿ ಅವಳ ಮನೆ ನೋಡಿಕೊಂಡು ಬರಲು ನಾನು, ನನ್ನಾಕೆ ಅಂಡಮಾನಿಗೆ ಹೋಗಿದ್ದೆವು. ನಿಮಗೆ ನೆನಪಿರಬಹುದು. ಬಂದ ಮೇಲೆ ಇದೇ ಅಂಕಣದಲ್ಲಿ ‘ಅಲ್ಲಿ ತೆಂಗಿದೆ, ತಿಳಿವಳಿಕೆ ಇಲ್ಲ’ ಅಂತ ಬರೆದಿದ್ದೆ. ಚೆನ್ನಾಗಿದೆ ಅಂತ ನಿಮ್ಮಲ್ಲಿ ಕೆಲವರು ಫೋನ್ ಕೂಡ ಮಾಡಿದ್ದಿರಿ. ಆ ಹೊಗಳಿಕೆಯನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಆಗಿದ್ದು ಇಷ್ಟು. ಬೀಗಿತ್ತಿ ಅಂಗಳದಲ್ಲಿ ತೆಂಗಿನಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೆ ಹರವುತ್ತಿದ್ದರು. ಒಂದಷ್ಟನ್ನು ತಟ್ಟಿಯ ಮೇಲಿಟ್ಟು ಕೆಳಗೆ ಸಣ್ಣ ಬೆಂಕಿ. ನನಗೆ ಹೊಟ್ಟೆ ಉರಿಯಿತು. ನಾನು ಕಡೂರು ಸೀಮೆಯ ಪಂಚನಹಳ್ಳಿಯವನು ಸ್ವಾಮಿ! ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷ ಸುಮ್ಮನಿದ್ದರಾಯಿತು. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಬೆಂಕಿಯೇಕೆ, ಹೊಗೆಯೇಕೆ?

“ಒಡೀಬ್ಯಾಡಿ ಅನ್ನಮ್ಮಾ ನಿಮ್ಮತ್ತೆಗೆ. ಅಟ್ಟಕ್ಕಾಕ್ಸು,” ಅಂದೆ ಸುಮಿತ್ರಾಳಿಗೆ.

“ಇಲ್ಲಿ ಆಯ್ತದಾ ಮಾವ?” ಅಂದಳು.

ಆಗ ನನ್ನ ಎಸ್ಸೆಸ್ಸೆಲ್ಸಿ ಭೂಗೋಳ ತಲೆಯೆತ್ತಿತು. ಭೂಪಟದಲ್ಲಿ ನಮ್ಮೂರಿಂದ ಪೂರ್ವಕ್ಕೆ ಗೆರೆ ಎಳೆದರೆ ಹೆಚ್ಚು ಕಮ್ಮಿ ಅಂಡಮಾನಿಗೇ ಹೋಗುತ್ತದೆ. ಅಕ್ಷಾಂಶ ಒಂದೇ, ಸೂರ್ಯ ಒಬ್ಬನೇ, ತೆಂಗೂ ಒಂದೇ. ಹೊರಗೆ ನೋಡಿದರೆ ನಮ್ಮೂರಿನಂಥದೇ ಬಿಸಿಲು. ಬಿಪುಲನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಅವನು ಅಮ್ಮನಿಗೆ ಹೇಳಿದ. ಅವರು ಅನುಮಾನದಿಂದ ಸೊಸೆಯನ್ನು ನೋಡಿದರು. ಸುಮಿತ್ರಾ ಧೈರ್ಯವಾಗಿ ಹೇಳಿದಳು: ನಮ್ಮ ಮಾವನಿಗಿಂತ ತೆಂಗು ತಿಳಿದವರಿಲ್ಲ.

ಆ ಫಸಲಿನ ಅಷ್ಟೂ ಕಾಯಿ ಅಟ್ಟ ಹತ್ತಿತು.

ನಾನು ಮರೆತದ್ದು ಸಮುದ್ರವನ್ನು. ನಾಲ್ಕೂ ಕಡೆ ನೀರು ಇಟ್ಟುಕೊಂಡು ಕೂತ ನೆಲವನ್ನು ನಾನು ಪಂಚನಹಳ್ಳಿಯ ಜೊತೆ ತೂಗಿದ್ದೆ. ನಾವು ಘಟ್ಟದ ಬೆನ್ನ ಹಿಂದಿನವರು. ಮೋಡ ತಂದದ್ದನ್ನೆಲ್ಲ ಆ ಕಡೆಯವರು ಇಳಿಸಿಕೊಂಡು ಖಾಲಿ ಚೀಲ ಕಳಿಸುತ್ತಾರೆ. ದ್ವೀಪದಲ್ಲಿ ತಡೆಯುವ ಘಟ್ಟವೂ ಇಲ್ಲ, ಹಂಚಿಕೊಳ್ಳುವ ನೆರೆಯೂ ಇಲ್ಲ. ಒಂದು ಮಳೆಗಾಲ ಹೋಗುತ್ತಿದ್ದಂತೆ ಇನ್ನೊಂದು ಬರುತ್ತದೆ. ಮಳೆ ಬಿಟ್ಟ ದಿನವೂ ಗಾಳಿ ಒದ್ದೆ. ನಾನು ನೋಡಿದ ಬಿಸಿಲು ವರ್ಷದಲ್ಲಿ ಕೆಲವೇ ತಿಂಗಳ ನೆಂಟ. ನೆಂಟನನ್ನು ಮನೆ ಯಜಮಾನ ಅಂದುಕೊಂಡೆ.

ನಾಚಿಕೆ ಇರುವುದು ಇಲ್ಲಿ. ಇದು ಗೊತ್ತಾಗಲು ಅಂಡಮಾನಿಗೆ ಹೋಗಬೇಕಿತ್ತೇ? ಘಟ್ಟದ ಹೆಬ್ಬೆಯಲ್ಲಿ ಹೊಳೆ ಧುಮುಕುವಾಗ ತರೀಕೆರೆಯಲ್ಲಿ ಜಡಿಮಳೆ, ಕಡೂರಿನಲ್ಲಿ ಬರೀ ಮೋಡ, ನಮ್ಮೂರಲ್ಲಿ ಧೂಳು. ತರೀಕೆರೆಯ ನನ್ನ ಷಡ್ಡಕ ಒಮ್ಮೆ ಬಂದು, “ಏನ್ರೀ, ತೆಂಗಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸ್ಬಾರ್ದಾ? ಸೋಮಾರಿಗಳು ಕಣ್ರೀ ನೀವು,” ಅಂದಿದ್ದ. “ಬಳ್ಳಿ ಜತೆಗೆ ಮೋಡಾನೂ ಕಳ್ಸಪ್ಪಾ,” ಅಂತ ಅವನ ಬಾಯಿ ಮುಚ್ಚಿಸಿದ್ದೆ. ಒಂದೇ ಜಿಲ್ಲೆಯವನ ಬುದ್ಧಿವಾದ ನನಗೆ ನಡೆಯಲಿಲ್ಲ. ನಾನು ಸಮುದ್ರ ದಾಟಿ ಹೋಗಿ ಬುದ್ಧಿ ಹೇಳಿ ಬಂದೆ!

ಮಳೆ ಶುರುವಾದ ಮೇಲೆ ಸುಮಿತ್ರಾ ಫೋನ್ ಮಾಡಿದಳು. “ಮಾವ, ಕಾಯಿಗೆಲ್ಲಾ ಮೊಳಕೆ ಬಂದೈತೆ.” ಗಾಳಿಯಾಡಲು ಬಿಡು ಅಂದೆ. ಸ್ವಲ್ಪ ದಿನ ಬಿಟ್ಟು ಮತ್ತೆ: “ಮಾವ, ಅಟ್ಟ ಎಲ್ಲಾ ನಾತ. ಅತ್ತೆ ಕೇಳ್ತಾವ್ರೆ, ಏನ್ ಹೇಳ್ಲಿ?”

ಮೂರನೆಯ ಸಲ ಫೋನ್ ಬಂದಾಗ ಅವಳ ಹೆಸರು ನೋಡಿದೆ. ಎತ್ತಲಿಲ್ಲ. ಆಮೇಲೆಯೂ ಎತ್ತಲಿಲ್ಲ.

ನನ್ನಾಕೆ ಬೈದಳು. “ಅವ್ರ ಮನೇಲಿ ಉಪ್ಪಿನ ಜಾಡಿ ನೀರಾಗಿತ್ತು. ನೀವು ನೋಡ್ಲಿಲ್ವಾ?”

“ನೀನು ಅಲ್ಲೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿಸ್ಕಂಡಿದ್ದು ಯಾವತ್ತು?”

ಈಗ ಭಾನುವಾರಕ್ಕೆ ಬನ್ನಿ. ಬೀಗಿತ್ತಿ ಅಟ್ಟ ನೋಡಬೇಕು ಅಂದರು. ಸೀರೆ ಎತ್ತಿ ಸಿಕ್ಕಿಸಿ ಏಣಿ ಹತ್ತಿಯೇಬಿಟ್ಟರು. ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ. ಮತ್ತೊಂದು. ಲೊಡಲೊಡ. ಮಗುವಿನ ಹಾಗೆ ನಕ್ಕರು. ಬಂದ ಎರಡೇ ದಿನಕ್ಕೆ ಒಡೆದಿದ್ದ ತುಟಿಯನ್ನು ನೋವಿಗೆ ಒತ್ತಿಕೊಂಡು ಏನೋ ಹೇಳಿದರು.

“ಅಮ್ಮ ಹೇಳ್ತು ಸಾರ್, ಇಲ್ಲಿ ಗಾಳಿಗೇ ಬಾಯಾರಿಕೆ. ಕಾಯಿ ನೀರನ್ನೂ ಬಿಡಲ್ಲ.” ಬಿಪುಲ್ ಸ್ವಲ್ಪ ತಡೆದು ಸೇರಿಸಿದ: “ಹಾಗಾದ್ರೆ ಸುಮಿತ್ರಾ ಸುಳ್ಳು ಹೇಳಿಲ್ಲ ಅಂತು.”

ಅಂದರೆ ಇಷ್ಟು ದಿನ ಅವಳನ್ನು ನಂಬಿರಲಿಲ್ಲವೇ?

ಅಡುಗೆಮನೆಯಲ್ಲಿ ಸುಮಿತ್ರಾ ಒಬ್ಬಳೇ ಸಿಕ್ಕಾಗ ಕೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

“ಕೆಮ್ಮು ಚೆನ್ನಾಗಿತ್ತು ಮಾವ,” ಅಂದಳು.

“ಅತ್ತೆ ಬೈದ್ರೇನಮ್ಮಾ?”

“ಬೈದಿದ್ರೆ ಸುಖವಾಗಿತ್ತು. ಏನ್ ಮಾಡಿದ್ರೂ ‘ಇದೂ ನಿಮ್ಮೂರ ಪದ್ಧತೀನಾ’ ಅಂತ ಕೇಳೋರು. ಸಾರಿಗೆ ಒಗ್ಗರಣೆ ಹಾಕಿದ್ರೂ ಅದೇ, ಬಟ್ಟೆ ಮಡಚಿದ್ರೂ ಅದೇ.”

“ನಂಗೆ ಕಾಯಿಲೆ ಅಂತ ಯಾಕಂದೆ?”

“ಇನ್ನೇನನ್ಲಿ? ನಮ್ ಮಾವ ಹೆದ್ರಿಕಂಡು ಫೋನ್ ಎತ್ತಲ್ಲ ಅನ್ಲಾ? ಕಾಯಿ ಮುಂದಿನ್ ವರ್ಷ ಮತ್ತೆ ಬತ್ತವೆ. ಮಾವನ ಮರ್ಯಾದೆ ಬತ್ತದಾ?”

ಈರುಳ್ಳಿ ಹೆಚ್ಚುತ್ತಿದ್ದವಳು ಅವಳು. ಕಣ್ಣು ಒರೆಸಿಕೊಂಡವನು ನಾನು.

ಆಗಲಾದರೂ ಹೊರಗೆ ಹೋಗಿ ಹೇಳಬಹುದಿತ್ತಲ್ಲ? ಹೇಳಿದರೆ ಕಾಯಿಲೆಯ ಮಾತು ಸುಳ್ಳಾಗಿ ಹುಡುಗಿಗೆ ಇನ್ನಷ್ಟು ಕಷ್ಟ ಅಂತ ನನಗೆ ನಾನೇ ಹೇಳಿಕೊಂಡೆ. ಎಷ್ಟು ಒಳ್ಳೆಯ ನೆಪ ನೋಡಿ! ಅವಳ ಸುಳ್ಳು ನನ್ನನ್ನು ಕಾಯಲು ಹುಟ್ಟಿದ್ದು. ಈಗ ಅದನ್ನು ಕಾಯುವವನ ಹಾಗೆ ನಾನು ನಿಂತೆ.

ಮಂಗಳವಾರ ಕಡೂರು ಸ್ಟೇಷನ್ನಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ತಪ್ಪು ನನ್ನದು, ಸೊಸೆಯದಲ್ಲ. ಇಷ್ಟೇ. ಪ್ಲಾಟ್‌ಫಾರ್ಮಿನಲ್ಲಿ ಬೀಗಿತ್ತಿ ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಕೈಗಿಟ್ಟರು. ದ್ವೀಪದ ಕಾಡಿನ ಜೇನು. ಕೆಮ್ಮಿಗೆ ಒಳ್ಳೆಯದಂತೆ. ಕಾಯಿಲೆಯ ಬೀಗರಿಗೆ ಕೊಡಬೇಕೆಂದೇ ಅಲ್ಲಿಂದ ಹೊತ್ತು ತಂದದ್ದಂತೆ.

“ನಿಮ್ಮಮ್ಮಂಗೆ ಒಂದ್ ಮಾತು ಹೇಳ್ಬೇಕಿತ್ತು ಕಣಪ್ಪಾ,” ಅಂದೆ ಬಿಪುಲನಿಗೆ.

“ಹೇಳಿ ಸಾರ್.”

ರೈಲು ಬಂತು. ಸುಮಿತ್ರಾ ಸೂಟ್‌ಕೇಸು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು.

“ದಾರೀಲಿ ನೀರು ಕುಡೀತಾ ಇರಕ್ಕೆ ಹೇಳು. ನಮ್ ಕಡೆ ಗಾಳಿ ಒಣಾ.”

ಮತ್ತೆ ಬುದ್ಧಿವಾದ! ಸುಮಿತ್ರಾ ಹಿಂತಿರುಗಿ ನೋಡದೆ ರೈಲು ಹತ್ತಿದಳು.

ಅಂದು ಹೇಳಲಾಗದ್ದನ್ನು ಇಂದು ಇಲ್ಲಿ ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ತಪ್ಪು ನನ್ನದು, ಆ ಹುಡುಗಿಯದಲ್ಲ. ಬರೆದು ಮುಗಿಸಿದಾಗ ಎದೆ ಹಗುರವಾಯಿತು. ನನ್ನಾಕೆಗೆ ಓದಿ ಹೇಳಿದೆ. ಅವಳು ಜೇನಿನ ಬಾಟಲಿಯನ್ನು ನನ್ನ ಮುಂದೆ ತಂದಿಟ್ಟು ಕೇಳಿದಳು:

“ಕನ್ನಡ ಬಾರ್ದೇ ಇರೋರ ಹತ್ರ ಕನ್ನಡದಲ್ಲಿ ತಪ್ಪಾಯ್ತು ಅಂತೀರಲ್ಲ, ಇದು ಯಾವ ಕೆಮ್ಮು?”