ಭಾವನ ಸಹಿ

ಟೈರ್ ಅಂಗಡಿಯವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ತುಕ್ಕು ಹಿಡಿದ ರಿಮ್ಮಿಗೆ ಕಚ್ಚಿಕೊಂಡ ಲಾರಿ ಟೈರು ಬಿಡಿಸಲು ಅವನು ಬೆವರಿಳಿಯುವ ತನಕ ಬಡಿಯಬೇಕಾಗುತ್ತಿತ್ತು. ಭಾವನ ಹಲ್ಲು ಬಿಡಿಸಲು ಒಂದೇ ಏಟು ಸಾಕಾಯಿತು. ಅಕ್ಕನ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಕಂಡ ದಿನ ಅದು. ಆಮೇಲೆ ಭಾವ ಕೈ ಮಾಡಿದಾಗಲೆಲ್ಲ ಇವನು ಹೋಗಿ ಚಚ್ಚಿ ಬರುತ್ತಿದ್ದ. ಇವನ ಬೆನ್ನು ಕಂಡೊಡನೆ ಭಾವ ಅಷ್ಟನ್ನೂ ಬಡ್ಡಿ ಸೇರಿಸಿ ಅಕ್ಕನಿಗೆ ತೀರಿಸುತ್ತಿದ್ದ. ಅದನ್ನು ಅವಳು ತಮ್ಮನಿಗೆ ಹೇಳಲೇ ಇಲ್ಲ.

ಕೊನೆಗೆ ಅವಳು ಕೋರ್ಟಿಗೆ ಹೋದಳು. ಕೋರ್ಟು ಮಧ್ಯಸ್ಥಿಕೆಗೆ ಕಳಿಸಿತು. ಮಧ್ಯಾಹ್ನದ ಹೊತ್ತಿಗೆ ಭಾವ ತಲೆಯಾಡಿಸಿದ: ಮನೆ ಅವಳಿಗೆ, ಅವನು ಗೇಟು ದಾಟುವಂತಿಲ್ಲ.

“ಒಪ್ಪಿದನಲ್ಲ, ಮುಗೀತು. ನಡಿ ಅಕ್ಕ,” ಎಂದು ಸುತ್ತಿಗೆ ಎದ್ದ.

“ಕೂತ್ಕೊಳಪ್ಪ,” ಎಂದರು ಮಧ್ಯಸ್ಥಿಕೆ ನಡೆಸುತ್ತಿದ್ದ ಮೇಡಂ. “ಬಾಯಲ್ಲಿ ಒಪ್ಪಿದ್ರೆ ಸಾಲ್ದು. ಇಬ್ಬರೂ ಸಹಿ ಹಾಕ್ಬೇಕು, ನಾನೂ ಹಾಕ್ಬೇಕು. ಅಲ್ಲೀವರೆಗೆ ಯಾರಾದ್ರೂ ಎದ್ದು ಹೋಗ್ಬಹುದು. ಹಾಕಿದ ಮೇಲೆ ತೀರ್ಪಿದ್ದ ಹಾಗೆ, ಮೀರಿದ್ರೆ ಕೋರ್ಟೇ ಜಾರಿ ಮಾಡ್ಸುತ್ತೆ. ಆದ್ರೆ ಹೆದರಿಸಿ ಹಾಕಿಸಿದ ಸಹಿ ನಿಲ್ಲಲ್ಲ, ನೆನಪಿರ್ಲಿ.”

“ಜಾರಿ ಮಾಡೋಕೆ ನನ್ನ ಕೈ ಇಲ್ವಾ ಮೇಡಂ?”

“ನೀನಿಲ್ಲದಾಗ?”

“ಅಂಗಡಿ ಬಿಟ್ಟು ನಾನೆಲ್ಲಿ ಹೋಗ್ಲಿ!” ಎಂದು ಸುತ್ತಿಗೆ ಗಹಗಹಿಸಿ ನಕ್ಕ.

ಪೊಲೀಸ್ ಸ್ಟೇಷನ್ನಿನಲ್ಲಿ ಎಷ್ಟೋ ಮುಚ್ಚಳಿಕೆ ಬರೆದುಕೊಟ್ಟು ಮರೆತಿದ್ದ ಭಾವ ಇದೂ ಹಾಗೇ ಎಂದುಕೊಂಡು ಸರಸರನೆ ಸಹಿ ಗೀಚಿದ. ಅಕ್ಕ ಪೆನ್ನು ಹಿಡಿದಳು. ಅವಳ ಕೈ ನಡುಗಲಿಲ್ಲ. ಅದನ್ನು ಕಂಡೇ ಭಾವನಿಗೆ ಉರಿದುಹೋಯಿತು. ಜಡೆ ಹಿಡಿದು ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ.

ಸುತ್ತಿಗೆಯ ಮುಷ್ಟಿ ಮೇಲೆದ್ದಿತ್ತು.

“ಹೊಡೀಬೇಡ ಕಣೋ!” ಅಕ್ಕ ಚೀರಿದಳು. “ನೀನು ಹೊಡೆದ್ರೆ, ಹೆದರಿಸಿ ಸಹಿ ಹಾಕಿಸಿದ್ರು ಅಂತಾನೆ!”

ಎತ್ತಿದ ಕೈ ಇಳಿಯಿತು. ಇಬ್ಬರ ನಡುವೆ ತೂರಿ, ಭಾವನನ್ನು ಮೈಯಿಂದಲೇ ಹಿಂದೆ ಸರಿಸಿ, ಕೈ ಹಿಂದೆ ಕಟ್ಟಿ ನಿಂತ. ಭಾವ ಬೀಸಿದ ಕುರ್ಚಿ ಅವನ ಹೆಗಲ ಮೇಲೆ ಮುರಿಯಿತು. ಮುರಿದ ಕಾಲು ಕಿವಿಗೆ, ದವಡೆಗೆ ಬಿತ್ತು. ಅವನ ಬೆನ್ನ ಹಿಂದೆ ಅಕ್ಕ ಮೂಗಿನ ರಕ್ತ ಒರೆಸುತ್ತ ಸಹಿ ಹಾಕಿದಳು, ಮೇಡಂ ಹಾಕಿದರು. ಆಮೇಲೆ ಕಾವಲಿನವರು ಬಂದು ಭಾವನನ್ನು ಎಳೆದುಕೊಂಡು ಹೋದರು.

“ಅಕ್ಕ,” ಸುತ್ತಿಗೆ ಮೆಟ್ಟಿಲ ಬಳಿ ಹಲ್ಲೊಂದನ್ನು ಉಗುಳಿದ, “ಜೀವಮಾನದಲ್ಲಿ ಮೊದಲ ಸಲ ಪುಕ್ಕಟೆ ಒದೆ ತಿಂದೆ.”

ಆ ಬೇಸಿಗೆಯಲ್ಲೇ ಗಾಳಿ ತುಂಬುತ್ತಿದ್ದ ಲಾರಿ ಚಕ್ರದಲ್ಲಿ ಟೈರನ್ನು ಹಿಡಿದಿಡುವ ಕಬ್ಬಿಣದ ಬಳೆ ಸಿಡಿದು ಅವನ ಹಣೆಗೆ ಬಡಿಯಿತು. ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಇರಲಿಲ್ಲ.

ತಮ್ಮನನ್ನು ಮಣ್ಣು ಮಾಡಿದ ಸಂಜೆಯೇ ಭಾವ ಗೇಟು ದಾಟಿದ. ಒದ್ದ ರಭಸಕ್ಕೆ ಬಾಗಿಲ ಚಿಲಕ ಬಗ್ಗಿ ನೇತಾಡಿತು.

“ಈಗ ಯಾರೇ ಇದ್ದಾರೆ ನಿಂಗೆ?”

ಮೂಲೆಯಲ್ಲಿ ಅಂಗಡಿಯಿಂದ ತಂದಿಟ್ಟ ತಮ್ಮನ ಸುತ್ತಿಗೆ ಇತ್ತು. ಅವಳ ಕೈ ಅದರತ್ತ ಹೋಗಿ, ಫೋನಿನತ್ತ ತಿರುಗಿತು. ಪೊಲೀಸರು ಬರುವಷ್ಟರಲ್ಲಿ ಅವಳ ತುಟಿ ಸೀಳಿತ್ತು.

“ಗಂಡ ಹೆಂಡ್ತಿ ಜಗಳ ಸಾರ್,” ಭಾವ ನಕ್ಕ. ಪೇದೆ ಅಕ್ಕ ಕೊಟ್ಟ ಒಪ್ಪಂದದ ಕಾಗದ ಓದಿ ಅವನ ಮುಂದೆ ಹಿಡಿದ.

“ಇದು ನಿನ್ನ ಸಹಿ ತಾನೇ?”

ಭಾವ ಉತ್ತರಿಸುವ ಮೊದಲೇ ಪೇದೆ ಅವನ ಕೈಯನ್ನು ಬೆನ್ನ ಹಿಂದೆ ತಿರುಚಿದ್ದ.

ಜೀಪು ಹೋದ ಮೇಲೆ ಅಕ್ಕ ಸುತ್ತಿಗೆ ಎತ್ತಿಕೊಂಡು, ಬಗ್ಗಿದ ಚಿಲಕವನ್ನು ಬಿಚ್ಚಿ ಹೊಸ್ತಿಲ ಮೇಲಿಟ್ಟು ಬಡಿಯತೊಡಗಿದಳು.